ನರಕೋಶಗಳ ವಲಸೆ: ಪ್ರದರ್ಶನಕ್ಕೆ ಮಾದರಿ ಹೀಗೆ ಮಾಡಿ

ಮಡಿಕೇರಿಯಾಗಲಿ ಸೋಮವಾರಪೇಟೆಯಾಗಲಿ, ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಮಿದುಳಿನ ಮಾದರಿಗೆ ಬರವಿಲ್ಲ. ಆದರೆ ಗರ್ಭದಲ್ಲಿ ಮಿದುಳು ಕಟ್ಟಿಕೊಳ್ಳುವ ಬಗೆ ತೋರಿಸಲು ಹೊರಟವರು ಬಹುತೇಕ ಒಂದೇ ಕಡೆ ಎಡವುತ್ತಾರೆ: ಪದರಗಳ ಕ್ರಮದಲ್ಲಿ. ನರಕೋಶಗಳು ಮಿದುಳಿನ ಒಳಭಾಗದಲ್ಲಿ ಹುಟ್ಟಿ, ಹೊರಮೈಯತ್ತ ವಲಸೆ ಹೋಗಿ, ಅಲ್ಲಿ ಆರು ಪದರಗಳಾಗಿ ನೆಲೆಸುತ್ತವೆ. ಅದನ್ನು ಕಾಳು, ಬೀಜ ಅಂಟಿಸಿ ತೋರಿಸುವ ಮಾದರಿ ಇದು. ಹಲಗೆಯ ಕೆಳಗಿನದು ಮಿದುಳಿನ ಒಳಭಾಗ, ಮೇಲಿನ ತುದಿ ಹೊರಮೈ.

60 ಸೆಂ.ಮೀ. ಎತ್ತರ, 45 ಸೆಂ.ಮೀ. ಅಗಲದ ಪ್ಲೈವುಡ್ ತೆಗೆದುಕೊಳ್ಳಿ. ಥರ್ಮೋಕೋಲ್ ಬೇಡವೇ ಬೇಡ, ಹಳದಿ ರಬ್ಬರ್ ಅಂಟು ತಾಗಿದರೆ ಕರಗಿ ಗುಂಡಿ ಬೀಳುತ್ತದೆ. ಬಿಳಿ ಅಂಟು ನಮ್ಮ ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ. ಗ್ಲೂ ಗನ್ನೇ ಸರಿ. ಕಾಫಿಬೀಜ ಚೆನ್ನಾಗಿ ಒಣಗಿರಲಿ, ಹಸಿ ಪಾರ್ಚ್‌ಮೆಂಟ್ (ಹೊಟ್ಟು ತೆಗೆಯದ ಬೀಜ) ಅಂಟಿಸಿದರೆ ಬೂಷ್ಟು ಹಿಡಿಯುತ್ತದೆ.

ಮೊದಲು ಗೆರೆ ಎಳೆಯಿರಿ. ಕೆಳಗಿನ 6 ಸೆಂ.ಮೀ.ಗೆ ನೀಲಿ ಬಣ್ಣ, ಅದು ದ್ರವ ತುಂಬಿದ ಕುಹರ. ಅದರ ಮೇಲಿನ 6 ಸೆಂ.ಮೀ. ಕೋಶಗಳು ಹುಟ್ಟುವ ಜಾಗ, ನಂತರದ 18 ಸೆಂ.ಮೀ. ದಾರಿ. ಉಳಿದ 30 ಸೆಂ.ಮೀ.ಯಲ್ಲಿ ತಲಾ 5ರಂತೆ ಆರು ಪದರ. ಗರ್ಭಧಾರಣೆಯ ಸುಮಾರು 28ನೇ ದಿನಕ್ಕೆ ನರನಾಳ (ಮಿದುಳು, ಬೆನ್ನುಹುರಿಗಳ ಮೊದಲ ರೂಪ) ಮುಚ್ಚಿಕೊಳ್ಳುತ್ತದೆ, ಅದರ ಪೊಳ್ಳೇ ಮುಂದೆ ಈ ಕುಹರವಾಗುತ್ತದೆ. ಅದನ್ನು ಪಕ್ಕದಲ್ಲೊಂದು ಚಿತ್ರ ಬರೆದು ತೋರಿಸಿದರೆ ಸಾಕು.

ಆಮೇಲೆ 54 ಸೆಂ.ಮೀ. ಉದ್ದದ ಆರು ಬಿದಿರಿನ ಸೀಳುಗಳನ್ನು 7 ಸೆಂ.ಮೀ. ಅಂತರದಲ್ಲಿ, ನೀಲಿಯ ಅಂಚಿನಿಂದ ತುದಿಯವರೆಗೆ ನಿಲ್ಲಿಸಿ. ಇವು ರೇಡಿಯಲ್ ಗ್ಲಯಾ ಎಂಬ ಉದ್ದನೆಯ ಕೋಶಗಳು. ಇವನ್ನು ನರಕೋಶಗಳು ಏರುವ ಬರೀ ಏಣಿ ಎಂದು ವಿವರಿಸುವವರೇ ಹೆಚ್ಚು, ಅದು ಅರ್ಧ ಸತ್ಯ. ನರಕೋಶಗಳನ್ನು ಹೆರುವ ತಾಯಿಕೋಶಗಳೂ ಇವೇ. ಆದ್ದರಿಂದ ಪ್ರತಿ ಸೀಳಿನ ಬುಡಕ್ಕೊಂದು ಅವರೆಕಾಳು ಅಂಟಿಸಿ, ಒಂದೆರಡು ಕಡೆ ಜೋಡಿ ಕಾಳು ನೀಲಿ ಅಂಚಿಗೇ ತಾಗಿರಲಿ. ವಿಭಜನೆ ನಡೆಯುವುದು ಅಲ್ಲೇ.

ಈಗ ಕಷ್ಟದ ಭಾಗ. ಪದರಗಳನ್ನು ಮೇಲಿನಿಂದ ಕೆಳಕ್ಕೆ 1ರಿಂದ 6 ಎಂದು ಎಣಿಸುತ್ತಾರೆ, ಆದರೆ ತುಂಬುವ ಕ್ರಮ ಬೇರೆ: 1, 6, 5, 4, 3, 2. ಮೊದಲು ತೀರಾ ಮೇಲೆ ನಾಲ್ಕೈದು ಏಲಕ್ಕಿ ಮಾತ್ರ ಅಂಟಿಸಿ. ಇವು ಪದರಗಳ ಕ್ರಮಕ್ಕೆ ಬೇಕಾದ ರೀಲಿನ್ ಎಂಬ ಪ್ರೋಟೀನ್ ಸ್ರವಿಸುವ ಕೋಶಗಳು. ಆಮೇಲೆ 6ಕ್ಕೆ ಅಲಸಂದೆ. 5ಕ್ಕೆ ಕಾಫಿಬೀಜ, ಅಲ್ಲಿ ಪಿರಮಿಡ್ ಆಕಾರದ ದೊಡ್ಡ ಕೋಶಗಳಿವೆ. 4ಕ್ಕೆ ಕಾಳುಮೆಣಸು ಒತ್ತೊತ್ತಾಗಿ, 3ಕ್ಕೆ ತೊಗರಿ, 2ಕ್ಕೆ ಹೆಸರುಕಾಳು. ಹೊಸ ಕೋಶ ಹಳೆಯವುಗಳ ನಡುವೆ ನುಗ್ಗಿ ಅವನ್ನು ದಾಟಿ ಮೇಲೆ ಹೋಗುತ್ತದೆ. ಹಾಗಾಗಿ ದಾರಿಯ ಜಾಗದಲ್ಲಿ ಅಂಟಿಸುವ ಕಾಳು ಹೆಸರುಕಾಳೇ ಆಗಿರಬೇಕು. ಅಲ್ಲಿ ಅಲಸಂದೆ ಇಟ್ಟರೆ ಇಡೀ ಮಾದರಿ ತಪ್ಪು.

ಇನ್ನೊಂದು ಸೂಕ್ಷ್ಮ. ಪ್ರಯಾಣದಲ್ಲಿರುವ ಕಾಳು ಸೀಳಿಗೆ ಅಂಟಿರಲಿ, ಮುಂದಕ್ಕೆ ತುಂಡು ದಾರ ಚಾಚಿರಲಿ. ಕೋಶ ಮೊದಲು ಮುಂಚಾಚು ನೀಡಿ, ಆಮೇಲೆ ಕೋಶಕೇಂದ್ರವನ್ನು ಎಳೆದುಕೊಳ್ಳುತ್ತದೆ. ಸಿಲ್ವರ್ ಓಕ್ ಮರವನ್ನು ತಬ್ಬಿ ಏರುವ ಮೆಣಸಿನ ಬಳ್ಳಿಯ ಹಾಗೆ ಎನ್ನಬಹುದು, ಆದರೆ ಬಳ್ಳಿಯ ಬುಡ ನೆಲದಲ್ಲೇ ಉಳಿಯುತ್ತದೆ, ಕೋಶ ಇಡಿಯಾಗಿ ಹೊರಟುಹೋಗುತ್ತದೆ. ಪದರ ತಲುಪಿದ ಕಾಳುಗಳನ್ನು ಸೀಳಿನಿಂದ ಬಿಡಿಸಿ ನಡುವೆ ಅಂಟಿಸಿ.

ಎಲ್ಲ ಕೋಶಗಳೂ ಕೆಳಗಿನಿಂದ ಬರುವುದಿಲ್ಲ. ಪ್ರತಿಬಂಧಕ ನರಕೋಶಗಳು (ಬೇರೆ ನರಕೋಶಗಳ ಚಟುವಟಿಕೆಗೆ ಕಡಿವಾಣ ಹಾಕುವಂಥವು) ಮುಂಮಿದುಳಿನ ತಳಭಾಗದಲ್ಲಿ ಹುಟ್ಟಿ ಅಡ್ಡಲಾಗಿ ಬರುತ್ತವೆ. ಪಕ್ಕದ ಅಂಚಿನಿಂದ ಹತ್ತಾರು ಕೆಂಪು ಮಣಿ ಸಾಲಾಗಿ ಬರಲಿ. ಇದನ್ನು ಬಿಟ್ಟ ಮಾದರಿಗಳೇ ಜಾಸ್ತಿ.

ಸಮಯವಿದ್ದರೆ ‘ವಲಸೆ ಕೆಟ್ಟಾಗ’ ಎಂಬ ಚಿಕ್ಕ ಹಲಗೆಯನ್ನೂ ಮಾಡಿ. ರೀಲಿನ್ ಇಲ್ಲದ ಇಲಿಯಲ್ಲಿ ಪದರಗಳು ಹೆಚ್ಚುಕಡಿಮೆ ತಲೆಕೆಳಗಾಗುತ್ತವೆ. ಮನುಷ್ಯರಲ್ಲಿ ಎಲ್‌ಐಎಸ್1 ಜೀನ್ ಕೆಟ್ಟರೆ ಕೋಶಗಳು ಅರ್ಧದಾರಿಯಲ್ಲೇ ನಿಂತು, ಮಿದುಳಿನ ಮೇಲ್ಮೈ ಮಡಿಕೆಗಳಿಲ್ಲದೆ ನುಣುಪಾಗುತ್ತದೆ. ಇದಕ್ಕೆ ಕಾಳುಗಳನ್ನು ಆರರ ಬದಲು ನಾಲ್ಕು ದಪ್ಪ ಪದರವಾಗಿ ಅಂಟಿಸಿ.

ಕೊನೆಗೆ ಒಂದು ಕೈ ವಾರ್ನಿಷ್ ಹೊಡೆಯಿರಿ, ಕಾಳಿಗೆ ಹುಳ ಹಿಡಿಯುವುದು ತಡವಾಗುತ್ತದೆ. ಬಸ್ಸಿನಲ್ಲಿ ಒಯ್ಯುವಾಗ ಹಲಗೆ ಮಲಗಿಸಿಯೇ ಇರಲಿ.