ಮನೋವಿಜ್ಞಾನದ ಪಂಥಗಳನ್ನು ಗೊಂದಲವಿಲ್ಲದೆ ಓದಿಕೊಳ್ಳುವುದು ಹೇಗೆ?

ಪಿಯುಸಿ, ಬಿ.ಎಡ್., ಟಿಇಟಿಗೆ ಓದುವವರು ಪಂಥಗಳ ಹೆಸರು, ಇಸವಿಗಳನ್ನು ಬಾಯಿಪಾಠ ಮಾಡುತ್ತಾರೆ. ಪ್ರಶ್ನೆ ಸ್ವಲ್ಪ ತಿರುಚಿ ಬಂದರೆ ತಡವರಿಸುತ್ತಾರೆ. ಈ ಪಂಥಗಳಲ್ಲಿ ಹೆಚ್ಚಿನವು ಹಿಂದಿನವರ ಜೊತೆ ಜಗಳ ತೆಗೆದೇ ಹುಟ್ಟಿದವು. ಆ ಜಗಳದ ಎಳೆ ಹಿಡಿದು ಓದಿ.

ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ಏನನ್ನು ಅಭ್ಯಾಸ ಮಾಡಬೇಕು ಎಂದರು, ಯಾವ ವಿಧಾನದಿಂದ, ಯಾರನ್ನು ಒಪ್ಪಲಿಲ್ಲ. ಮನೋವಿಜ್ಞಾನಿ ವುಂಟ್ 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದಲ್ಲಿಂದ ಶುರು ಮಾಡಿ. ರಚನಾವಾದವನ್ನು ಮಾತ್ರ ಅವರ ಶಿಷ್ಯ ಟಿಚ್ನರ್ ಹೆಸರಿನ ಮುಂದೆ ಬರೆಯಿರಿ. ಅಂತರಾವಲೋಕನದಿಂದ, ಅಂದರೆ ತನ್ನ ಮನಸ್ಸನ್ನು ತಾನೇ ಗಮನಿಸಿ ಹೇಳುವುದರಿಂದ, ಅನುಭವವನ್ನು ಬಿಡಿಬಿಡಿ ಸಂವೇದನೆಗಳಾಗಿ ಬಿಡಿಸಹೊರಟವರು ಅವರು. ಮನಸ್ಸು ಚೂರುಗಳ ರಾಶಿಯಲ್ಲ, ಹರಿವು. ಅದರಿಂದ ಏನು ಕೆಲಸವಾಗುತ್ತದೆ ನೋಡಿ ಎಂದವರು ವಿಲಿಯಂ ಜೇಮ್ಸ್. ಇದು ಕಾರ್ಯವಾದದ ಬೇರು. 1912ರಲ್ಲಿ ವರ್ಥೈಮರ್, ಒಂದಾದ ಮೇಲೊಂದು ಹೊತ್ತುವ ಎರಡು ಬೆಳಕುಗಳ ನಡುವೆ ಇಲ್ಲದ ಚಲನೆ ಕಾಣುವುದನ್ನು ತೋರಿಸಿದರು. ಬಿಡಿಸಿ ನೋಡಿದರೆ ಆ ಚಲನೆ ಎಲ್ಲೂ ಸಿಗದು. ಅನುಭವವನ್ನು ಇಡಿಯಾಗಿಯೇ ನೋಡಬೇಕೆನ್ನುವ ಗೆಸ್ಟಾಲ್ಟ್ ಪಂಥದ ವಾದವೇ ಅದು. ಮರುವರ್ಷ ವಾಟ್ಸನ್, ಹೊರಗೆ ಕಾಣುವ ವರ್ತನೆ ಮಾತ್ರ ವಿಜ್ಞಾನದ ವಸ್ತು ಎಂದರು; ಇದು ವರ್ತನಾವಾದ. ಮನೋವಿಶ್ಲೇಷಣೆಯ ಫ್ರಾಯ್ಡ್ ಅವರನ್ನು ಬೇರೆ ಸಾಲಿನಲ್ಲಿ ಬರೆಯಿರಿ: ಅವರ ದಾರಿ ಪ್ರಯೋಗಾಲಯದಿಂದಲ್ಲ, ವಿಯೆನ್ನಾದ ರೋಗಿಗಳಿಂದ ಶುರುವಾಯಿತು.

ಈಗ ಒಂದೇ ಉದಾಹರಣೆಯನ್ನು ಎಲ್ಲರ ಮುಂದಿಡಿ. ಮಗು ಶಾಲೆಗೆ ಹೋಗಲು ಹೆದರುತ್ತಿದೆ. ವರ್ತನಾವಾದಿ: ಮನೆಯಲ್ಲೇ ಉಳಿದ ಕೂಡಲೇ ಹೆದರಿಕೆ ಇಳಿಯುತ್ತದೆ, ಹಾಗಾಗಿ ಉಳಿಯುವುದೇ ರೂಢಿಯಾಗುತ್ತದೆ. ಮನೋವಿಶ್ಲೇಷಕ ತಾಯಿಯನ್ನು ಅಗಲುವ, ಮಗುವಿಗೇ ಅರಿವಿಲ್ಲದ ತಳಮಳವನ್ನು ಹುಡುಕುತ್ತಾನೆ. ಮಾನವತಾವಾದಿ ರೋಜರ್ಸ್ ದೃಷ್ಟಿಯಲ್ಲಿ ಪ್ರಶ್ನೆ ಬೇರೆ: ಅಂಕ ತಂದರೆ ಮಾತ್ರ ಪ್ರೀತಿ ಎಂದು ಮಗುವಿಗೆ ಅನ್ನಿಸಿದೆಯೇ? ಯೋಚನೆಗಳನ್ನು ಅಭ್ಯಾಸ ಮಾಡುವ ಸಂಜ್ಞಾನವಾದಿ ಕೇಳುವುದು, 'ಎಲ್ಲರೂ ನಗುತ್ತಾರೆ' ಎಂಬಂಥ ಯಾವ ಯೋಚನೆ ಮಗುವಿನ ತಲೆಯಲ್ಲಿದೆ ಎಂದು. ರಚನಾವಾದದ ಜಾಗ ಹೆಚ್ಚುಕಡಿಮೆ ಖಾಲಿ ಉಳಿಯುತ್ತದೆ; ಖಾಲಿಯೇ ಇರಲಿ. ತರಬೇತಾದ ವೀಕ್ಷಕರನ್ನೇ ನೆಚ್ಚಿದ್ದ ಆ ವಿಧಾನಕ್ಕೆ ಮಕ್ಕಳು, ಪ್ರಾಣಿಗಳು ಒಗ್ಗಲಿಲ್ಲ. ಅದು ಮಂಕಾಗಲು ಇದೂ ಒಂದು ಕಾರಣ.

ಇಲ್ಲಿ ಬಹಳ ಜನ ಎಡವುವುದು ವರ್ತನಾವಾದಿಗಳ ಋಣಾತ್ಮಕ ಪುನರ್ಬಲನದಲ್ಲಿ, ಅಂದರೆ ಅಹಿತವಾದದ್ದು ತೊಲಗುವುದರಿಂದ ವರ್ತನೆ ಬಲಗೊಳ್ಳುವುದರಲ್ಲಿ. ಅದು ಶಿಕ್ಷೆಯಲ್ಲ. ಮೇಲಿನ ಮಗುವಿನಲ್ಲಿ ಅಹಿತವಾದದ್ದು ತೊಲಗಿ ವರ್ತನೆ ಹೆಚ್ಚಿತು. ಶಿಕ್ಷೆಯಲ್ಲಿ ವರ್ತನೆ ಕುಗ್ಗುತ್ತದೆ. 'ಋಣ' ಎಂಬ ಪದ ನೋಡಿ ಉತ್ತರಿಸಬೇಡಿ, ವರ್ತನೆ ಏರಿತೋ ಇಳಿಯಿತೋ ಎಂದು ಮೊದಲು ನೋಡಿ. ಹಾಗೆಯೇ ಫ್ರಿಟ್ಸ್ ಪರ್ಲ್ಸ್ ಅವರ ಗೆಸ್ಟಾಲ್ಟ್ ಚಿಕಿತ್ಸೆಯನ್ನು, ಹೆಸರು ಒಂದೇ ಎಂದು, ವರ್ಥೈಮರ್ ಸಾಲಿಗೆ ಸೇರಿಸಬೇಡಿ; ಅದು ಬೇರೆಯೇ ಆದ ಮಾನಸಿಕ ಚಿಕಿತ್ಸಾ ವಿಧಾನ.

ಮೂರು ದಿನ ಬಿಟ್ಟು ಮೂರನೇ ಅಂಕಣ ಮುಚ್ಚಿ, ಯಾರು ಯಾರನ್ನು ಏಕೆ ಒಪ್ಪಲಿಲ್ಲ ಎಂದು ನೋಡದೆ ಬರೆಯಿರಿ. ತಪ್ಪಿದ ಸಾಲುಗಳನ್ನಷ್ಟೇ ಮತ್ತೆ ಓದಿ.