ಹೆಸರಿಲ್ಲದ ಹಳೆಯ ವಾಲ್ವ್ ಆಂಪ್ಲಿಫೈಯರ್‌ನ ಗುರುತು ಹಚ್ಚುವುದು ಹೇಗೆ?

ಹಳೆಯ ಸಾಮಾನುಗಳ ನಡುವೆ ಸಿಗುವ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಆಂಪ್ಲಿಫೈಯರ್‌ಗಳಲ್ಲಿ ಎಷ್ಟೋ, ರೇಡಿಯೊ ಮತ್ತು ರೆಕಾರ್ಡ್ ಪ್ಲೇಯರ್ ಒಟ್ಟಿಗಿರುವ ದೊಡ್ಡ ರೇಡಿಯೊಗ್ರಾಂ ಪೆಟ್ಟಿಗೆಗಳಿಂದ ಕಳಚಿ ತೆಗೆದಂಥವು. ಅವುಗಳ ಮೇಲೆ ತಯಾರಕರ ಹೆಸರೇ ಇರುವುದಿಲ್ಲ. ಹೆಸರಿನ ಫಲಕ ಇದ್ದರೂ ಅದನ್ನು ಪೂರ್ತಿ ನಂಬುವಂತಿಲ್ಲ, ಏಕೆಂದರೆ ಒಬ್ಬರು ತಯಾರಿಸಿದ್ದನ್ನು ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಮಾರುವುದು ಆಗಲೂ ಇತ್ತು. ಒಳಗಿನ ಬಿಡಿಭಾಗಗಳ ಸಾಕ್ಷ್ಯವೇ ಹೆಚ್ಚು ಗಟ್ಟಿ.

ಮೊದಲನೆಯದಾಗಿ, ಸ್ವಿಚ್ ಹಾಕಿ ನೋಡುವ ಆಸೆಯನ್ನು ಅದುಮಿಡಬೇಕು. ದಶಕಗಳ ಕಾಲ ಸುಮ್ಮನಿದ್ದ, ವಿದ್ಯುತ್ತನ್ನು ಹಿಡಿದಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಕೆಟ್ಟಿರಬಹುದು. ಸ್ಪೀಕರ್ ಜೋಡಿಸದೆ ಚಾಲೂ ಮಾಡಿದರೆ, ವಾಲ್ವ್‌ಗಳನ್ನು ಸ್ಪೀಕರ್‌ಗೆ ಜೋಡಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರುವ ಸಾಧ್ಯತೆಯಿದ್ದು, ರೆಸಿಸ್ಟರ್ ಮೂಲಕ ಅದನ್ನು ಇಳಿಸಿ ಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳದೆ ಚಾಸಿಯ (ಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟಿನ) ಕೆಳಭಾಗಕ್ಕೆ ಕೈಹಾಕಬಾರದು. ಈ ಕೆಲಸದ ಅಭ್ಯಾಸವಿಲ್ಲದವರು ಬಲ್ಲವರಿಂದಲೇ ಮಾಡಿಸುವುದು ಒಳ್ಳೆಯದು.

ಬಳಿಕ ವಾಲ್ವ್‌ಗಳ ಸಂಖ್ಯೆಗಳನ್ನು, ಯಾವುದು ಯಾವ ಸಾಕೆಟ್‌ನಲ್ಲಿತ್ತು ಎಂಬುದರ ಸಮೇತ ಬರೆದುಕೊಳ್ಳಿ. ಗಾಜಿನ ಮೇಲಿನ ಅಕ್ಷರ ಮಾಸಿದ್ದರೆ ಬಟ್ಟೆಯಿಂದ ಉಜ್ಜಬೇಡಿ, ಉಳಿದದ್ದೂ ಹೋಗುತ್ತದೆ. ಅದರ ಮೇಲೆ ಬಾಯಿಂದ ಬಿಸಿಯುಸಿರು ಬಿಟ್ಟು ಓರೆ ಬೆಳಕಿನಲ್ಲಿ ಹಿಡಿದರೆ, ಆ ಮಂಜಿನಲ್ಲಿ ಸಂಖ್ಯೆ ಕ್ಷಣಕಾಲ ಎದ್ದು ಕಾಣುವುದುಂಟು. ಅಮೆರಿಕದ ಪದ್ಧತಿಯಲ್ಲಿ ಮೊದಲಿಗೆ ಬರುವ ಸಂಖ್ಯೆ ಹೀಟರ್‌ನ (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿಯ) ವೋಲ್ಟೇಜನ್ನು ಸೂಚಿಸುತ್ತದೆ: 6ವಿ6 ಎಂದರೆ 6.3 ವೋಲ್ಟ್. ಯುರೋಪಿನ ಪದ್ಧತಿಯಲ್ಲಿ ಅದೇ 6.3 ವೋಲ್ಟಿಗೆ ‘ಇ’ ಅಕ್ಷರವಿದ್ದು, ಮುಂದಿನ ‘ಸಿ’ ಟ್ರಯೋಡನ್ನು (ಮೂರು ವಿದ್ಯುದ್ವಾರಗಳ ವಾಲ್ವ್), ‘ಎಲ್’ ಔಟ್‌ಪುಟ್ ಪೆಂಟೋಡನ್ನು (ಸ್ಪೀಕರ್ ನಡೆಸುವ, ಐದು ವಿದ್ಯುದ್ವಾರಗಳ ವಾಲ್ವ್), ‘ಝಡ್’ ರೆಕ್ಟಿಫೈಯರನ್ನು (ಎಸಿಯನ್ನು ಡಿಸಿಗೆ ತಿರುಗಿಸುವುದು) ಹೇಳುತ್ತವೆ. 12ಎಎಕ್ಸ್7 ಮತ್ತು ಇಸಿಸಿ83 ಒಂದೇ ವಾಲ್ವ್. ಅದರ ಹೀಟರ್‌ನ ಎರಡು ಅರ್ಧಗಳನ್ನು ಸರಣಿಯಲ್ಲಿ ಜೋಡಿಸಿದರೆ 12.6, ಸಮಾಂತರವಾಗಿ ಜೋಡಿಸಿದರೆ 6.3 ವೋಲ್ಟ್ ಸಾಕಾಗುವುದರಿಂದ ಹೆಸರುಗಳು ಹೀಗೆ ಬೇರೆಯಾದವು.

ಈಗ ಟ್ರಾನ್ಸ್‌ಫಾರ್ಮರ್‌ಗಳನ್ನು ಎಣಿಸಿ. ನಾಲ್ಕು ಇಎಲ್84 ವಾಲ್ವ್‌ಗಳೂ ಎರಡು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗಳೂ ಇದ್ದರೆ ಅದು ಬಹುತೇಕ ಪುಶ್-ಪುಲ್ (ಪ್ರತಿ ಬದಿಗೆ ಎರಡು ವಾಲ್ವ್ ಜೋಡಿಯಾಗಿ ದುಡಿಯುವ) ಸ್ಟೀರಿಯೊ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಂದೇ ಆಗಿದ್ದರೆ ಮೋನೊ. ಸ್ಪೀಕರ್ ತುದಿಗಳಲ್ಲಿ 4, 8, 16 ಓಮ್ ಎಂದಿದ್ದರೆ ಮನೆಬಳಕೆಯದೆಂದೂ 70 ಅಥವಾ 100 ವೋಲ್ಟ್ ಎಂದಿದ್ದರೆ ಸಭಾಂಗಣದ ಧ್ವನಿವರ್ಧಕದ್ದೆಂದೂ ಊಹಿಸಬಹುದು. ಮೇನ್ಸ್ (ಮನೆಯ ವಿದ್ಯುತ್) ಟ್ರಾನ್ಸ್‌ಫಾರ್ಮರೇ ಇಲ್ಲದಿದ್ದರೆ ಎಚ್ಚರ: ಅಂಥ ಚಾಸಿ ನೇರವಾಗಿ ಮೇನ್ಸ್‌ಗೆ ತಗುಲಿರಬಹುದು.

ಕಾಲ ತಿಳಿಯಲು ನನಗೆ ಹೆಚ್ಚು ನಂಬಿಕೆಯಿರುವುದು ಟ್ರಾನ್ಸ್‌ಫಾರ್ಮರ್ ಮೇಲೆ. ವಾಲ್ವ್‌ಗಳು ಹಲವು ಬಾರಿ ಬದಲಾಗಿರುತ್ತವೆ, ಅದು ಅಪರೂಪಕ್ಕೆ ಬದಲಾಗುತ್ತದೆ. ಅಮೆರಿಕದ ಬಿಡಿಭಾಗಗಳ ಮೇಲಿನ ಸಂಕೇತದಲ್ಲಿ ಸಾಮಾನ್ಯವಾಗಿ ಮೊದಲ ಮೂರು ಅಂಕಿ ತಯಾರಕರದು, ಉಳಿದವು ವರ್ಷ (ಒಂದು ಅಥವಾ ಎರಡು ಅಂಕಿ) ಮತ್ತು ವಾರ. 606543 ಎಂದಿದ್ದರೆ 606 ಶೂಮಾಕರ್ ಕಂಪನಿ, 5ರಲ್ಲಿ ಕೊನೆಗೊಳ್ಳುವ ವರ್ಷದ 43ನೇ ವಾರ. ಅದು 1955ರದೋ 1965ರದೋ? ಅದೇ ಚಾಸಿಯ ವಾಲ್ಯೂಮ್ ಕಂಟ್ರೋಲ್ ಮೇಲೆ 1376522 ಇದ್ದರೆ, 137 ಸಿಟಿಎಸ್ ಕಂಪನಿಯ ಸಂಕೇತವಾದ್ದರಿಂದ ಅದು 1965ರ 22ನೇ ವಾರದ್ದು; ಎರಡೂ ಮೂಲ ಭಾಗಗಳೇ ಆಗಿದ್ದರೆ ಆಂಪ್ಲಿಫೈಯರ್ ತಯಾರಾದದ್ದು 1965ರ ಅಕ್ಟೋಬರ್ ಕೊನೆಗಿಂತ ಮುಂಚೆ ಅಲ್ಲ.

ಕೊನೆಗೆ, ಔಟ್‌ಪುಟ್ ವಾಲ್ವ್‌ಗಳ ಕ್ಯಾಥೋಡ್ ರೆಸಿಸ್ಟರ್, ಫೀಡ್‌ಬ್ಯಾಕ್ ರೆಸಿಸ್ಟರ್ ಮತ್ತು ಟೋನ್ ಕಂಟ್ರೋಲ್‌ನ ಭಾಗಗಳ ಮೌಲ್ಯಗಳನ್ನು (ಓಮ್ ಮುಂತಾದ ಅಳತೆಗಳನ್ನು) ಗುರುತಿಸಿ, ಅದೇ ವಾಲ್ವ್‌ಗಳ ಗುಂಪು ಬಳಸಿದ ಆ ಕಾಲದ ಸರ್ಕಿಟ್ ನಕ್ಷೆಗಳೊಂದಿಗೆ ಹೋಲಿಸಿ. ಒಂದೆರಡು ಮೌಲ್ಯ ಮಾತ್ರ ಹೊಂದದಿದ್ದರೆ ಅಲ್ಲಿನ ಬೆಸುಗೆಯನ್ನು ಗಮನಿಸಿ. ಸುತ್ತಲಿನ ಮಂಕು ಬೆಸುಗೆಗಳ ನಡುವೆ ಅದೊಂದೇ ಹೊಳೆಯುತ್ತಿದ್ದರೆ, ಯಾರೋ ಹಿಂದೆ ರಿಪೇರಿ ಮಾಡಿ ಹೋದ ಜಾಗ ಅದು.