ಮದುವೆ ಕಾಗದದ ಹಿಂದೆ ಬರೆದ ಕಾರ್ಡು

ಸಿಆರ್‌ಪಿ, ಅಂದರೆ ಸುತ್ತಲಿನ ಒಂದಷ್ಟು ಶಾಲೆಗಳನ್ನು ನೋಡಿಕೊಳ್ಳೋ ಸಂಪನ್ಮೂಲ ವ್ಯಕ್ತಿ, ಆದ ಮೊದಲ ವರ್ಷ ನಾನು ಮಾಡಿದ್ದು ಅಂಚೆಯಣ್ಣನ ಕೆಲಸ. ಹನ್ನೊಂದು ಶಾಲೆಗಳಿಂದ ಮಾಹಿತಿ ತಗೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮುಟ್ಟಿಸೋದು, ಅಲ್ಲಿಂದ ಸುತ್ತೋಲೆ ತಂದು ತಿಂಗಳ ಸಮಾಲೋಚನಾ ಸಭೆಯಲ್ಲಿ ಓದೋದು. ಪ್ರೌಢಶಾಲೆಯ ಸುತ್ತಲಿನ ಪ್ರಾಥಮಿಕ ಶಾಲೆಗಳೆಲ್ಲ ಕೂಡಿ ನಡೆಯಬೇಕು ಅಂತ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 2020ರ ಶಿಕ್ಷಣ ನೀತಿಯೂ ಶಾಲಾ ಸಂಕುಲ ಅಂತ ಅದನ್ನೇ ಹೇಳಿದೆ. ನಮ್ಮಲ್ಲಿ ಕೂಡ್ತಾ ಇದ್ದದ್ದು ಚಹಾ ಹೊತ್ತಿಗೆ ಮಾತ್ರ.

ಒಂದಿನ ಏಕೋಪಾಧ್ಯಾಯ ಶಾಲೆಯ ಟೀಚರ್ ಹೇಳಿದರು, "ಸರ್, ಸಭೆ ಮುಗಿಸಿ ಹೋಗೋಷ್ಟರಲ್ಲಿ ಬಸ್ಸೇ ಇರಲ್ಲ. ಒಂದ್ಸಲ ನಮ್ಮಲ್ಲೇ ಮಾಡಿ."

ಹೋದೆವು. ಹದಿನಾಲ್ಕು ಮಕ್ಕಳ ಶಾಲೆ. ಚಿಕ್ಕ ತರಗತಿಯ ಮಕ್ಕಳು ಚಟುವಟಿಕೆ ಮಾಡ್ತಾ ಕಲಿಯೋ ನಲಿ-ಕಲಿ ಕಾರ್ಡುಗಳಲ್ಲಿ ಕಾಲುಭಾಗ ಕಳೆದುಹೋಗಿತ್ತು. ಕಳೆದದ್ದನ್ನೆಲ್ಲ ಟೀಚರ್ ಹಳೇ ಮದುವೆ ಕಾಗದಗಳ ಹಿಂದೆ ಸ್ಕೆಚ್ ಪೆನ್ನಲ್ಲಿ ಬರೆದಿಟ್ಟಿದ್ದರು. ತಿರುಗಿಸಿದರೆ ಗಣಪತಿ, ಮುಹೂರ್ತ! ಪಕ್ಕದೂರಿನ ಹೆಡ್‌ಮಾಸ್ಟರ್ ಮುಖ ಸಣ್ಣಗಾಯಿತು. "ನಮ್ಮ ಬೀರುವಲ್ಲಿ ಎರಡು ಸೆಟ್ ದಂಡಕ್ಕೆ ಬಿದ್ದಿದೆ ಮಾರಾಯ್ರೆ."

ಅಲ್ಲಿಂದ ಸಭೆ ಪ್ರತಿ ತಿಂಗಳು ಒಂದೊಂದು ಊರಿಗೆ ಹೊರಟಿತು. ಯಾರ ಶಾಲೆಯೋ ಅವರದೇ ವಿಷಯ ಮೊದಲು, ಸುತ್ತೋಲೆ ಕೊನೆಗೆ. ಇದೊಂದು ಬದಲಾಗದಿದ್ದರೆ ಉಳಿದದ್ದು ಯಾವುದೂ ಆಗ್ತಿರಲಿಲ್ಲ ಅನ್ನೋದು ನನ್ನ ಲೆಕ್ಕ. ಪ್ರೌಢಶಾಲೆಯ ಸೂಕ್ಷ್ಮದರ್ಶಕ ಊರೂರು ಸುತ್ತತೊಡಗಿತು. ಈರುಳ್ಳಿ ಸಿಪ್ಪೆಯ ಕೋಶ ನೋಡಿದ ಐದನೇ ಕ್ಲಾಸಿನ ಹುಡುಗ "ಇಟ್ಟಿಗೆ ಗೋಡೆ!" ಅಂದ. ನಾನು ಪುಸ್ತಕದಲ್ಲಿ ಓದಿಸಿದಾಗ ಯಾರೂ ಹಾಗಂದಿರಲಿಲ್ಲ.

ಒಂದು ಶಾಲೆಯ ಸಾಮಾನು ಇನ್ನೊಂದಕ್ಕೆ ಯಾವ ಆದೇಶದ ಮೇಲೆ ಕೊಡ್ತಿದ್ದೀರಿ ಅಂತ ಮೇಲಿನವರೊಬ್ಬರು ಕೇಳಿದರು. ಪೋಷಕರಿರೋ ಶಾಲಾಭಿವೃದ್ಧಿ ಸಮಿತಿಗಳು (ಎಸ್‌ಡಿಎಂಸಿ) 2001ರಿಂದಲೂ ಇವೆ, ಆದರೆ ಅವುಗಳ ಠರಾವು ಕಡತ ಸೇರಿದ್ದೇ ಹೆಚ್ಚು. ನಾವು ಹನ್ನೊಂದೂ ಶಾಲೆಗಳಿಂದ ಠರಾವು ಬರೆಸಿ ಕೊಟ್ಟೆವು. ಮತ್ತೆ ಯಾರೂ ಕೇಳಲಿಲ್ಲ.

ಮೇಷ್ಟ್ರುಗಳನ್ನು ಹಂಚಿಕೊಳ್ಳೋದು ಮಾತ್ರ ಕೈಕೊಟ್ಟಿತು. ಇಂಗ್ಲಿಷ್ ಮೇಡಂ ಬುಧವಾರ ಬೇರೆ ಶಾಲೆಗೆ ಹೋಗಲಿ ಅಂದರೆ, "ನಮ್ಮ ಮೇಡಂನ ಹಂಚೋಕೆ ನೀವ್ಯಾರು?" ಅಂತ ಪೋಷಕರು ಗೇಟಿನಲ್ಲೇ ತಡೆದರು. ಅವರನ್ನು ಮೊದಲೇ ಕೇಳದೆ ಇದ್ದದ್ದು ನನ್ನ ತಪ್ಪೇ. ಮೇಲಿಂದ ಬರೋ ಆದೇಶಕ್ಕೆ ಬೈತಿದ್ದ ನಾನೂ ಹಾಗೇ ಆದೇಶ ಹೊರಡಿಸಿದ್ದೆ.

ಹೋದ ತಿಂಗಳು ಸೂಕ್ಷ್ಮದರ್ಶಕದ ಕನ್ನಡಿ ಒಡೆಯಿತು. ದುಡ್ಡು ಯಾವ ಶಾಲೆಯದು ಅನ್ನೋದು ಈ ಶನಿವಾರದ ಸಭೆಯ ಮೊದಲ ವಿಷಯ.